ಮಗ್ಗಲು ತಿರುಗಿಸುವ ಹೊನ್ನಕ್ಕ

ಶಿರಸಿ ಪೇಟೆ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಚಾ ಅಂಗಡಿಯವನು ಈಗಷ್ಟೇ ಸ್ಟೋವಿಗೆ ಪಂಪು ಹೊಡೆಯುತ್ತಿದ್ದಾನೆ. ಅಷ್ಟರಲ್ಲೇ ಖಾಸಗಿ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಆಯಾ ಹೊನ್ನಕ್ಕನ ಮಾತು ಶುರುವಾಗಿಬಿಟ್ಟಿದೆ. "ಒಡ್ಯಾ, ಈ ಮಗ್ಗಲು ಸಾಕು, ಆ ಮಗ್ಗಲು ನೋಡ್ವ. ನಿಮ್ಮೂರ ಹಳ್ಳಕ್ಕೆ ಸಂಕ ಹಾಕಿದ್ರಾ ಈ ವರ್ಷ?" ಲಕವಾ ಹೊಡೆದ ಅಜ್ಜ ಆ ಕಾಲುಸೇತುವೆಯ ಕಥೆಯನ್ನು ತೊದಲುತ್ತಿರುವಾಗಲೇ ಅವಳು ಬೆಡ್‌ಶೀಟಿನ ಅಂಚು ಸುತ್ತಿ ಹಿಡಿದು, ನೋಯಿಸದಂತೆ ಅವನನ್ನು ಹೊರಳಿಸಿಯೂ ಆಗಿದೆ. ಬೆನ್ನಿಗೆ ಪೌಡರು, ಕಾಲ ಸಂದಿಗೊಂದು ದಿಂಬು. ಮುಂದಿನ ಮಂಚ.

ಆಯಾ ಎಂದರೆ ಎಲ್ಲರ ಕಣ್ಣಿಗೂ ಕಾಣುವುದು ಪೊರಕೆ ಮತ್ತು ಬೆಡ್‌ಪ್ಯಾನು. ಮಗ್ಗಲು ತಿರುಗಿಸುವುದೂ ಒಂದು ವಿದ್ಯೆ ಎಂದರೆ ನಗುವವರೇ ಹೆಚ್ಚು. ನಗಲಿ ಬಿಡಿ! ಒಂದು ವಾರ ಅಲುಗಾಡಲಾಗದೆ ಮಲಗಿ ಎದ್ದವರು ಮಾತ್ರ ನಗುವುದಿಲ್ಲ.

ಹೊನ್ನಕ್ಕ ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದವಳು. ಅತ್ತೆ ಹಾಸಿಗೆ ಹಿಡಿದಾಗ ಕಲಿತ ಕೆಲಸವಿದು. "ಅತ್ತೆದು ಬಾಯಿ ಜೋರು. ಹಗೂರಕ್ಕೆ ಹೊರಳಿಸದಿದ್ರೆ ಇಡೀ ಕೇರಿಗೆ ಕೇಳೋ ಹಂಗೆ ಬೈತಿತ್ತು. ಬೈಸ್ಕಂಡು ಬೈಸ್ಕಂಡೇ ಕೈ ಹದ ಬಂತು," ಎಂದು ನಗುತ್ತಾಳೆ. ಅತ್ತೆಯೂ ಹೋಗಿ, ಹಿಂದೆಯೇ ಗಂಡನೂ ತೀರಿಕೊಂಡ ಮೇಲೆ, ತೊಂಬತ್ತರ ದಶಕದ ಆರಂಭದಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಶಿರಸಿಗೆ ಬಂದಳು.

ಆ ಕಾಲದ ಆಸ್ಪತ್ರೆಯ ಮಾತು ತೆಗೆದರೆ ಅವಳ ಮುಖವೇ ಬೇರೆಯಾಗುತ್ತದೆ. ಗಾಜಿನ ಸಿರಿಂಜು ಕುದಿಯುವ ಪಾತ್ರೆಯ ಟಣಟಣ ಸದ್ದು, ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ ಮನೆಮಂದಿ, ಡಬ್ಬಿ ಬಿಚ್ಚಿದರೆ ವಾರ್ಡಿಗೆಲ್ಲ ಅಪ್ಪೆಮಿಡಿ ಉಪ್ಪಿನಕಾಯಿಯ ಪರಿಮಳ. "ರೋಗಿ ಒಬ್ರು, ನೋಡೋಕೆ ಬಂದೋರು ಊರು ತುಂಬ! ಡಾಕ್ಟ್ರು ಗದರಿದ್ರೆ ಒಂದ್ ಗಳಿಗೆ ಹೊರಗೆ ಹೋಗಿ ಮತ್ತೆ ಬರೋರು. ನಂಗೂ ಒಂದು ಲೋಟ ಗಂಜಿ ಸಿಗ್ತಿತ್ತು. ಈಗ ಎಲ್ಲ ಗಾಜಿನ ಬಾಗ್ಲು. ಆ ಗಲಾಟೆನೇ ಚೊಲೋ ಇತ್ತು ನೋಡಿ."

ಅಂಥದೊಂದು ಗಾಜಿನ ಬಾಗಿಲಿನ ಹಿಂದೆ, ಎರಡು ಸಾವಿರದ ಒಂಬತ್ತರ ಮಳೆಗಾಲದ ಕೊನೆಗೆ, ನಮಿತಾ ಬಂದು ಮಲಗಿದಳು. ಯಲ್ಲಾಪುರ ಕಡೆಯ ವಜ್ರಳ್ಳಿಯವಳು. ಮನೆಯಲ್ಲಿ ಮೊಲೆಹಾಲು ಬಿಡದ ಮಗು. ಹಂದಿಜ್ವರ ಎದೆಗಿಳಿದು, ಗಂಟಲಿಗೆ ನಳಿಗೆ ಹಾಕಿ ವೆಂಟಿಲೇಟರಿಗೆ ಜೋಡಿಸಿದ್ದರು. ಹುಬ್ಬಳ್ಳಿಗೆ ಸಾಗಿಸುವಷ್ಟೂ ತ್ರಾಣ ಉಳಿದಿರಲಿಲ್ಲ. ವೈರಸ್ಸಿನ ಮೇಲೆ ಮೈಯೇ ಹೂಡಿದ ಹೋರಾಟ ಹದ್ದು ಮೀರಿದೆ, ಆ ಉರಿಯೂತಕ್ಕೆ ಶ್ವಾಸಕೋಶ ಬಾತು ನೀರು ತುಂಬಿದೆ, ಯಂತ್ರ ಎಷ್ಟು ಊದಿದರೂ ರಕ್ತಕ್ಕೆ ಆಮ್ಲಜನಕ ಸಾಲುತ್ತಿಲ್ಲ ಎಂದು ಡಾಕ್ಟರ್ ಕಮಲಾಕರ ಅವಳ ತಾಯಿ ಜಯಾ ಅವರಿಗೆ ಬಿಡಿಸಿ ಹೇಳಿದರು. ಹೊನ್ನಕ್ಕ ಅದನ್ನೇ ತನ್ನ ಮಾತಿನಲ್ಲಿ ಹೇಳುತ್ತಾಳೆ: "ಸೊಳ್ಳೆ ಓಡ್ಸೋಕೆ ಹಾಕಿದ ಹೊಗೆಬೆಂಕಿ ಕೊಟ್ಟಿಗೆಗೇ ಹತ್ತಿದಂಗೆ."

ಬೋರಲು ಮಲಗಿಸಿದರೆ ಬೆನ್ನಿನ ಕಡೆಯ ಶ್ವಾಸಕೋಶ ತೆರೆದುಕೊಳ್ಳಬಹುದು ಎಂಬುದೊಂದೇ ಡಾಕ್ಟರ ಭರವಸೆ. ತಲೆ, ನಳಿಗೆ ಅವರ ಕೈಯಲ್ಲಿ, ಎರಡು ಬದಿಗೆ ದಾದಿಯರು, ನಡುವಿಗೆ ಹೊನ್ನಕ್ಕ. "ವಜ್ರಳ್ಳಿಲಿ ಗದ್ದೆ ಕೆಲ್ಸ ಮುಗೀತಾ ತಂಗೀ?" ಎಂದು, ಪ್ರಜ್ಞೆಯಿಲ್ಲದವಳನ್ನೂ ಮಾತಾಡಿಸುತ್ತಲೇ ಹೊರಳಿಸಿದಳು. ಆಮ್ಲಜನಕದ ಅಂಕಿ ಮೆಲ್ಲಗೆ ಏರಿತು.

ಮರುದಿನ ಮಾಸ್ಕು ಕಟ್ಟಿ ಜಯಾರನ್ನು ಒಳಗೆ ಬಿಟ್ಟರು. ಬೋರಲು ಮಲಗುವುದು ಅಪಶಕುನ ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದ ಜೀವ ಅದು. ಮಗಳು ಹಾಗೆ ಬಿದ್ದಿದ್ದನ್ನು ಕಂಡು ಮಂಚದ ಹತ್ತಿರಕ್ಕೇ ಸರಿದರು. ದಾದಿ ಆಚೆ ತಿರುಗಿದ್ದೇ ತಡ, ಭುಜ ಹಿಡಿದೆತ್ತಿ ಮುಖ ಮೇಲೆ ಮಾಡಲು ಹೋದರು. ನಳಿಗೆ ಮಡಚಿಕೊಂಡಿತು. ಯಂತ್ರ ಕಿರುಚಿತು, ನಮಿತಾಳ ತುಟಿ ನೀಲಿಗಟ್ಟಿತು.

ದಾದಿ ಓಡಿ ಬಂದು ನಳಿಗೆ ಸರಿಮಾಡಿದಳು, ಹೊನ್ನಕ್ಕ ಭುಜವನ್ನು ಮೊದಲಿನಂತೆ ಇಳಿಸಿದಳು. ಅಂಕಿ ಮತ್ತೆ ಏರುವವರೆಗೆ ಯಾರಿಗೂ ಜೀವದಲ್ಲಿ ಜೀವ ಇರಲಿಲ್ಲ. ಆಮೇಲೆ ಎಲ್ಲರೂ ಜಯಾರನ್ನು ತರಾಟೆಗೆ ತೆಗೆದುಕೊಂಡರು. ಹೊನ್ನಕ್ಕ ಮಾತ್ರ ಅವರನ್ನು ಹೊರಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದಳು.

"ಯಂಗೆ ನೋಡಲೆ ಆಗ್ತಿಲ್ಲೆ ಹೊನ್ನಕ್ಕಾ. ಸತ್ತವ್ರನ್ನೂ ಹೀಂಗೆ ಕವುಚಿ ಹಾಕ್ತ್ವಿಲ್ಲೆ," ಎಂದು ಜಯಾ ಬಿಕ್ಕಿದರು.

"ಅಮ್ಮಾ, ನಿಮ್ ಹೊಟ್ಟೇಲಿದ್ದಾಗ ಇವ್ರ ತಲೆ ಕೆಳಗೇ ಇತ್ತು. ಆಗ ಶಕುನ ಕೇಳಿದ್ರಾ?"

 ನಮಿತಾಳನ್ನು ಒಮ್ಮೆ ಅಂಗಾತ ಮಾಡಿ, ಮತ್ತೆ ಬೋರಲು ಮಾಡುವ ಹೊತ್ತಿಗೆ ಜಯಾ ತಾವೇ ಕೈಗವಸು ಕೇಳಿ ತೊಟ್ಟು ಬಂದು ನಿಂತರು. "ಆನೂ ಹಿಡಿತೆ. ಎಲ್ಲಿ ಹಿಡಿಯವು ಹೇಳು." ಡಾಕ್ಟರು ಬೇಡವೆನ್ನಲಿಲ್ಲ. ಹೊನ್ನಕ್ಕ ಕಾಲು ತೋರಿಸಿದಳು. ತಾಯಿ ಹಲ್ಲು ಕಚ್ಚಿ, ಕಣ್ಣೀರು ಇಳಿಸುತ್ತಲೇ, ಮಗಳನ್ನು ಬೋರಲು ಮಲಗಿಸಿದರು.

ಉರಿಯೂತ ಇಳಿಯಲು ವಾರಗಳೇ ಹಿಡಿದವು. ನಳಿಗೆ ತೆಗೆದು, ನಮಿತಾ ಡಾಕ್ಟರಿಗೂ ದಾದಿಯರಿಗೂ ಕೈಮುಗಿದು ಮನೆಗೆ ಹೊರಟ ದಿನ ಹೊನ್ನಕ್ಕ ಇರಲಿಲ್ಲ; ನಮಿತಾಳಿಗೆ ಎಚ್ಚರವಾಗುವ ಮೊದಲೇ ತನ್ನ ಮಗಳ ಬಾಣಂತನಕ್ಕೆಂದು ರಜೆ ಹಾಕಿದ್ದಳು. ಜಯಾ ಅವಳಿಗೆಂದು ಒಂದು ಬಾಳೆಗೊನೆ ಇಟ್ಟು ಹೋಗಿದ್ದರು.

ಈಗ ಹೊನ್ನಕ್ಕನ ಸೊಂಟವೇ ಮಾತು ಕೇಳುವುದಿಲ್ಲ. ಆದರೂ ದಿನಕ್ಕೆ ಹತ್ತಿಪ್ಪತ್ತು ಸಲ ಬೇರೆಯವರ ಮೈ ಹೊರಳಿಸುತ್ತಾಳೆ. ಗುಣವಾಗಿ ಹೋದವರು ಗುರುತು ಹಿಡಿದು ಮಾತಾಡಿಸುತ್ತಾರಾ ಎಂದರೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾಳೆ.

"ಎಂತ ಮಾತಾಡಿಸೋದು? ನಮಿತಮ್ಮ ಮರುವರ್ಷ ಒಂದಿನ ಮಗು ಎತ್ಕಂಡು ಪೇಟೆಗೆ ಬಂದಿದ್ರು. ನನ್ ಮುಖ ಅವ್ರೆಲ್ಲಿ ನೋಡಿದಾರೆ ಪಾಪ! ಸೀರೆ ಅಂಗಡಿ ಮೆಟ್ಲು ಹತ್ತಿದ್ರು, ನಾ ಕೆಳಗೇ ನಿಂತೆ. ಮೇಲೆ ಹೋಗಿ ಮಗು ಹತ್ರ ಮಾತಾಡ್ತಾ ನಕ್ಕರು. ಒಂಚೂರೂ ಏದುಸಿರು ಇರ್ಲಿಲ್ಲ. ಅಷ್ಟ್ ನೋಡ್ಕಂಡು ಬಂದೆ."