ನೀಡ ಬೀಳದ ಕಾರು

ನಾನು ಕಳಿಸಿದ ಕೆಂಪು ಕಾರಿನ ಚಿತ್ರ ನೋಡಿ ಫೋನಿನ ಆ ಕಡೆಯವರು, ಸ್ನಾನದ ಮನೆಯ ಮಗ್ಗಿನ ಹಾಗಿದೆ ಎಂದರು. ಅದು ಎರಡನೆಯ ಸಲ. ಮೊದಲ ಸಲ ಬಕೆಟ್ ಅಂದಿದ್ದರು. ಬಕೆಟ್ಟಿನಿಂದ ಮಗ್ಗಿಗೆ ಏರಿದೆನೋ ಇಳಿದೆನೋ ಎಂದು ಲೆಕ್ಕ ಹಾಕುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಾನು ಕೆಲಸ ಕೇಳಿದ್ದು ಕಾರುಗಳ ಜಾಹೀರಾತಿಗೆ ಕಂಪ್ಯೂಟರಿನಲ್ಲೇ ಚಿತ್ರ ಮಾಡಿಕೊಡುವ ಕಚೇರಿಯಲ್ಲಿ. ಕೋಲಾರದ ನಮ್ಮ ಮನೆಯಲ್ಲಿ ಕೂತೇ ಮಾಡಬಹುದಾದ ಕೆಲಸ. ಮೂರು ಅವಕಾಶ ಕೊಡುತ್ತೇವೆ, ಒಂದರಲ್ಲಾದರೂ ಕಾರು ನಿಜದ ಕಾರಿನಂತೆ ಕಾಣಬೇಕು ಎಂದಿದ್ದರು. ನಾನು ಆ ಮಾತಿನ ಬಲದ ಮೇಲೆ ವೇಮಗಲ್ಲಿನ ಕಾರ್ಖಾನೆ ಕೆಲಸ ಬಿಟ್ಟು ಕೂತಿದ್ದೆ. ಉಳಿದಿದ್ದು ಒಂದೇ ಅವಕಾಶ.

ಕಾರ್ಖಾನೆಯಲ್ಲಿ ನನ್ನ ಕೆಲಸ ಪ್ಲಾಸ್ಟಿಕ್ ಬಿಡಿಭಾಗಗಳ ಮೇಲೆ ಗೀರು ಬಿದ್ದಿದೆಯೇ ಎಂದು ನೋಡುವುದು. ವರ್ಷಗಟ್ಟಲೆ ಪ್ಲಾಸ್ಟಿಕ್ ನೋಡಿದ ಕಣ್ಣು ಕಾರನ್ನೂ ಪ್ಲಾಸ್ಟಿಕ್ ಮಾಡಿಬಿಟ್ಟಿದೆ ಎಂದು ಅಮ್ಮ ಹೇಳಿದಾಗ ನನಗೆ ಕೋಪ ನೆತ್ತಿಗೇರಿತು. ಮಾತು ನಿಜವಾಗಿದ್ದರಿಂದ ಇನ್ನಷ್ಟು ಏರಿತು. ಕಾರಿನ ಮೈಯನ್ನು ಕಚೇರಿಯವರೇ ಮಾಡಿ ಕಳಿಸಿದ್ದರು, ನನ್ನ ಪಾಲಿಗೆ ಬಣ್ಣ ಮಾತ್ರ. ವಿಡಿಯೋ ನೋಡಿ ಕಲಿತವಳು ನಾನು. ಕೆಂಪನ್ನು ಆರಿಸಿದೆ, ಹೊಳಪಿನ ಗುಂಡಿಯನ್ನು ಬಲಕ್ಕೆ ಎಳೆದೆ, ಸಾಲದೆನಿಸಿ ಇನ್ನೂ ಎಳೆದೆ. ಎಳೆದಷ್ಟೂ ಮಗ್ಗು ತೊಳೆದಿಟ್ಟ ಮಗ್ಗಾಯಿತೇ ಹೊರತು ಕಾರಾಗಲಿಲ್ಲ.

ಆ ವಾರ ಮಾವ ಬಂದರು. ಅಮ್ಮನ ತಮ್ಮ, ಮುಳಬಾಗಿಲಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಶೆಡ್ಡು ಇಟ್ಟುಕೊಂಡಿದ್ದಾರೆ. ಕೋಲಾರಕ್ಕೆ ಬಣ್ಣಕ್ಕೆ ಬೆರೆಸುವ ಥಿನ್ನರ್ ಕೊಳ್ಳಲು ಬಂದಾಗಲೆಲ್ಲ ನಮ್ಮಲ್ಲಿ ಕಾಫಿ ಕುಡಿದು ಹೋಗುವುದು ರೂಢಿ. ಲೋಟ ಹಿಡಿದುಕೊಂಡೇ ಪರದೆಯ ಕಡೆ ಬಗ್ಗಿದರು. ಏನೂ ಕೇಳದೆ, ಏನೂ ಹೊಗಳದೆ, ಒಂದು ಮಾತು ಹೇಳಿದರು.

“ಇದುಕ್ಕೆ ನೀಡ ಇಲ್ಲ ಕಣಮ್ಮ. ನೀಡ ಬೀಳ್ದಿದ್ರೆ ಬಣ್ಣಕ್ಕೆ ಜೀವ ಎಲ್ಲಿಂದ ಬರ್ತೈತೆ?”

ಅಷ್ಟು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು. ಮಾವನ ಮನೆಯಲ್ಲಿ ತೆಲುಗೇ ಮಾತು. ಕನ್ನಡದ ನಡುವೆಯೂ ತೆಲುಗು ತೂರಿಬರುತ್ತದೆ. ನಮ್ಮ ಮನೆಯಲ್ಲಿ ಕನ್ನಡವೇ ಹೆಚ್ಚು, ನನ್ನ ತೆಲುಗು ಅರ್ಧಂಬರ್ಧ. ಆದರೂ ನೀಡ ಅಂದರೆ ನೆರಳು ಎನ್ನುವಷ್ಟು ನನಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದದ್ದೇ ತಪ್ಪಾಯಿತು.

ಎರಡು ದಿನ ಕಾರಿಗೆ ನೆರಳು ಮಾಡಿದೆ. ಚಕ್ರದ ಕೆಳಗೆ, ಬಾಗಿಲಿನ ಸಂದಿಗೆ, ಕನ್ನಡಿಯ ಅಡಿಗೆ, ಎಲ್ಲೆಲ್ಲಿ ಜಾಗ ಸಿಕ್ಕಿತೋ ಅಲ್ಲೆಲ್ಲ. ಕೊನೆಗೆ ನೋಡಿದರೆ ಕಾರಿನ ಕೆಳಗೆ ಯಾರೋ ಡಾಂಬರು ಸುರಿದ ಹಾಗಿತ್ತು. ಮೇಲಿನ ಮಗ್ಗು ಮಗ್ಗಾಗಿಯೇ ಇತ್ತು. ಮಾವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚಿತ್ರವನ್ನು ಫೋನಿಗೆ ಹಾಕಿಕೊಂಡು, ಜಗಳ ಆಡಲೆಂದೇ ಮುಳಬಾಗಿಲಿನ ಬಸ್ಸು ಹತ್ತಿದೆ.

ಶೆಡ್ಡಿನ ಮುಂದೆ ಬಿಸಿಲಿನಲ್ಲಿ ಒಂದು ಕೆಂಪು ಕಾರು ನಿಂತಿತ್ತು. ಹಿಂದಿನ ದಿನವಷ್ಟೇ ಬಣ್ಣ ಮುಗಿದದ್ದು. ಮಾವ ಫೋನಿನಲ್ಲಿದ್ದ ನನ್ನ ಡಾಂಬರು ಕಾರನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಸ್ತಾದ ಮೇಲೆ ನನ್ನ ಭುಜ ಹಿಡಿದು ಆ ಕಾರಿನ ಬಾನೆಟ್ಟಿನ ಮುಂದೆ ನಿಲ್ಲಿಸಿದರು.

“ಕೆಳಗೆ ಬೀಳೋ ನೀಡ ಅಲ್ಲಮ್ಮ. ಇದ್ರೊಳಗೆ ಬೀಳ್ತೈತಲ್ಲ, ಅದು. ನೋಡು.”

ನೋಡಿದೆ. ಬಾನೆಟ್ಟಿನೊಳಗೆ ಹುಣಸೆಮರವಿತ್ತು. ಮರದ ಹಿಂದೆ ಬಂಡೆಗುಡ್ಡ, ಗುಡ್ಡದ ಮೇಲೆ ಆಕಾಶ. ರಸ್ತೆಯಲ್ಲಿ ಹೋದ ಬಸ್ಸು ಮೂತಿಯಿಂದ ಬಾಗಿ, ಉದ್ದವಾಗಿ, ಮಡ್‌ಗಾರ್ಡಿನ ತಿರುವಿನಲ್ಲಿ ದಾರದಷ್ಟು ತೆಳ್ಳಗಾಗಿ ಮಾಯವಾಯಿತು. ನೀರಿನಲ್ಲಿ, ಕನ್ನಡಿಯಲ್ಲಿ ಕಾಣುವ ಬಿಂಬಕ್ಕೂ ಮಾವನ ಭಾಷೆಯಲ್ಲಿ ನೀಡ ಎಂದೇ ಹೆಸರು. ಅದು ನನಗೆ ಗೊತ್ತಿರಲಿಲ್ಲ.

ಇನ್ನೂ ಹತ್ತಿರ ಬಗ್ಗು ಎಂದರು. ಮೂಗು ತಾಗುವಷ್ಟು ಬಗ್ಗಿದೆ. ಆಗ ಮರವೂ ಗುಡ್ಡವೂ ಹಿಂದೆ ಸರಿದು, ಅವುಗಳ ಅಡಿಯಲ್ಲಿ ಬೇರೆಯೇ ಒಂದು ಲೋಕ ಕಂಡಿತು. ಕೆಂಪಿನ ಆಳದಲ್ಲಿ ರಾಗಿಕಾಳಿಗಿಂತ ಎಷ್ಟೋ ಸಣ್ಣ ಬೆಳ್ಳಿ ಹರಳುಗಳು. ನಾನು ತಲೆಯನ್ನು ಒಂದಿಷ್ಟು ಆಚೆ ಸರಿಸಿದರೆ ಹೊತ್ತಿದ್ದವು ಆರುತ್ತಿದ್ದವು, ಆರಿದ್ದವು ಹೊತ್ತುತ್ತಿದ್ದವು. ಮೊದಲು ಬಣ್ಣದ ಕೋಟು, ಹರಳೆಲ್ಲ ಅದರಲ್ಲೇ ಇರುತ್ತದೆ, ಅದರ ಮೇಲೆ ಗಾಜಿನಂಥ ಕ್ಲಿಯರ್ ಕೋಟು, ನೀಡ ಬೀಳುವುದು ಆ ಗಾಜಿನ ಮೇಲೆ ಎಂದು ಮಾವ ವಿವರಿಸಿದರು. ಹರಳು ಒಳಗೆ, ಲೋಕ ಮೇಲೆ. ಎರಡರ ನಡುವೆ ಕೂದಲೆಳೆಯಷ್ಟು ಜಾಗ. ಆ ಜಾಗದಲ್ಲಿ ಇಡೀ ಮುಳಬಾಗಿಲು ಹೇಗೆ ಹಿಡಿಸಿತೆಂದು ಮತ್ತೆ ಮತ್ತೆ ಬಗ್ಗಿ ನೋಡಿದೆ. ಹುಟ್ಟಿದಾಗಿನಿಂದ ಕಾರುಗಳನ್ನು ನೋಡಿದ್ದೆ, ಕಾರಿನ ಬಣ್ಣವನ್ನು ಅಂದು ಮೊದಲ ಸಲ ನೋಡಿದೆ. ಜಗಳ ಆಡುವುದು ಮರೆತೇಹೋಯಿತು.

ಮನೆಗೆ ಬಂದು ಎಲ್ಲವನ್ನೂ ಅಳಿಸಿ ಹೊಸದಾಗಿ ಶುರುಮಾಡಿದೆ. ಕೆಂಪಿನ ಪದರ ಬೇರೆ, ಅದರಲ್ಲಿ ಒಂದೊಂದೂ ಒಂದೊಂದು ಕಡೆಗೆ ಮುಖ ಮಾಡಿದ ಹರಳು, ಮೇಲೆ ಕ್ಲಿಯರ್. ಆದರೂ ಕಾರು ಸಪ್ಪೆಯಾಗಿಯೇ ಇತ್ತು. ಆಮೇಲೆ ಹೊಳೆಯಿತು, ನಾನು ಕಾರನ್ನು ನಿಲ್ಲಿಸಿದ್ದ ಜಾಗದಲ್ಲಿ ಏನೂ ಇಲ್ಲ. ಸುತ್ತ ಬರೀ ಬೂದಿಬಣ್ಣದ ಬಯಲು. ಮರವೂ ಇಲ್ಲ, ಗುಡ್ಡವೂ ಇಲ್ಲ. ನೀಡ ಬೀಳಬೇಕೆಂದರೆ ಏನಾದರೂ ಇರಬೇಡವೇ?

ಒಂದು ಬೆಳಗ್ಗೆ ತಾಯಲೂರಿನ ಕೆರೆ ಏರಿಯ ಮೇಲೆ ಸ್ಟ್ಯಾಂಡು ನಿಲ್ಲಿಸಿ, ಫೋನನ್ನು ಇಷ್ಟಿಷ್ಟೇ ತಿರುಗಿಸುತ್ತ ಸುತ್ತಲಿನದನ್ನೆಲ್ಲ ಫೋಟೋ ತೆಗೆದೆ. ನೀರು, ಹಿಪ್ಪುನೇರಳೆ ತೋಟ, ಆಕಾಶ, ಕಾಲಡಿಯ ಮಣ್ಣು. ಕುರಿ ಹೊಡೆದುಕೊಂಡು ಬಂದ ಮುದುಕರೊಬ್ಬರು ಬಹಳ ಹೊತ್ತು ನೋಡಿ, ಏನಕ್ಕೆ ಫೋಟೋ ಎಂದು ಕೇಳಿದರು. ಕಾರಿಗೆ ಎಂದೆ. ಕಾರೆಲ್ಲಿ ಎಂದು ಹಿಂದೆ ಮುಂದೆ ನೋಡಿದರು. ಮನೆಯಲ್ಲಿದೆ ಎಂದಾಗ ಅವರ ಮುಖದಲ್ಲಿ ಮೂಡಿದ ಮರುಕವನ್ನು ನಾನು ಇಂದಿಗೂ ಮರೆತಿಲ್ಲ.

ಆ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಹೊಲಿದು, ಪರದೆಯ ಕಾರಿನ ಸುತ್ತ ಗುಮ್ಮಟದಂತೆ ಕವಿಸಿದೆ. ಚಿತ್ರ ಚೂರುಚೂರಾಗಿ, ಚೌಕಚೌಕವಾಗಿ ಮೂಡತೊಡಗಿತು. ಮೊದಲು ಚಾವಣಿ, ಅದರ ಮೇಲೆ ಆಕಾಶ. ಆಮೇಲೆ ಬಾಗಿಲು, ಬಾಗಿಲಿನ ಉದ್ದಕ್ಕೂ ಕೆರೆಯ ಅಂಚು ಬಾಗಿ ಹರಿದು, ಹಿಡಿಕೆಯ ಹತ್ತಿರ ಮಡಿಚಿಕೊಂಡು, ಮತ್ತೆ ಮುಂದೆ ಸಾಗಿತ್ತು. ಅದರ ಕೆಳಗೆ ಹರಳುಗಳು ಹೊತ್ತಿದ್ದವು. ಇಲ್ಲದ ತಗಡು, ಇಲ್ಲದ ಬಣ್ಣ, ಬರೀ ಅಂಕಿಗಳು. ಅಂಥದಕ್ಕೆ ತಾಯಲೂರಿನ ಕೆರೆ ಬಂದು ಒರಗಿಕೊಂಡಿತ್ತು. ಬಾನೆಟ್ಟಿನ ಮೇಲೆ ಕೂತಿದ್ದ ಧೂಳನ್ನು ಒರೆಸಲು ಬೆರಳು ಚಾಚಿದೆ. ಧೂಳು ಇದ್ದದ್ದು ಪರದೆಯ ಮೇಲೆ.

ಕಳಿಸುವ ಮೊದಲು ಮಾವನಿಗೆ ತೋರಿಸಬೇಕೆಂದು ಲ್ಯಾಪ್‌ಟಾಪನ್ನೇ ಮುಳಬಾಗಿಲಿಗೆ ಹೊತ್ತುಕೊಂಡು ಹೋದೆ. ಈ ಸಲ ಅವರು ನಗಲಿಲ್ಲ. ಕೈ ಒರೆಸಿಕೊಂಡು ಕೂತರು. ಬಾಗಿಲು, ಬಾನೆಟ್ಟು, ಮತ್ತೆ ಬಾಗಿಲು, ಏನನ್ನೋ ಹುಡುಕುವವರ ಹಾಗೆ ಕಣ್ಣಾಡಿಸಿದರು. ಕೆರೆ ನೋಡಿ ತಾಯಲೂರಾ ಎಂದು ಗುರುತು ಹಿಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇದ್ರಾಗೆ ನೀನೆಲ್ಲಿದೀಯಮ್ಮ?”

ಕ್ಲಿಯರ್ ಒಣಗಿದ ಮೇಲೆ ಅವರು ಕಾರಿನ ಎದುರು ನಿಂತು ತಮ್ಮ ಮುಖವನ್ನು ನೋಡುತ್ತಾರಂತೆ. ಮುಖ ಅಲುಗದೆ ಕಂಡರೆ ಕೆಲಸ ಮುಗಿದಂತೆ, ಅಲುಗಿದರೆ ಮತ್ತೆ ಉಜ್ಜಬೇಕು. ಇಷ್ಟು ವರ್ಷ ಯಾವ ಕಾರೂ ಅವರ ಮುಖ ಹೊರದೆ ಆ ಶೆಡ್ಡು ಬಿಟ್ಟು ಹೋಗಿಲ್ಲ. ನಿಜ ಹೇಳಬೇಕೆಂದರೆ ತಾಯಲೂರಿನ ಒಂದು ಫೋಟೋದಲ್ಲಿ ನಾನೂ ಇದ್ದೆ, ಟೈಮರ್ ಒತ್ತಿ ಪಕ್ಕಕ್ಕೆ ಸರಿಯುವಷ್ಟರಲ್ಲಿ ಸಿಕ್ಕಿಬಿದ್ದಿದ್ದೆ. ಫೋಟೋ ತೆಗೆದವರು ಕಾಣಬಾರದು ಎಂದು ಎಲ್ಲ ವಿಡಿಯೋಗಳೂ ಹೇಳುತ್ತವೆ. ಅದಕ್ಕೇ ನನ್ನನ್ನು ನಾನೇ ಕಷ್ಟಪಟ್ಟು ಅಳಿಸಿಹಾಕಿದ್ದೆ.

ವಾಪಸು ಬಂದು, ಅಳಿಸಿದ್ದ ನನ್ನನ್ನು ಮತ್ತೆ ಚಿತ್ರಕ್ಕೆ ತಂದೆ. ಮೂರನೆಯ ಚಿತ್ರವನ್ನು ಕಳಿಸಿದೆ.

ಮಾರನೆಯ ದಿನ ಮಧ್ಯಾಹ್ನ ಫೋನು ಬಂತು. ನಾವು ಕೇಳಿದ್ದು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ, ನೀವು ಯಾವುದೋ ಕಾರಿನ ಫೋಟೋ ಕಳಿಸಿದ್ದೀರಿ ಎಂದು ಸ್ವಲ್ಪ ಖಾರವಾಗಿಯೇ ಹೇಳಿದರು. ನಾನು ಪದರ ಪದರವಾಗಿ ಬಿಚ್ಚಿ ನೋಡಬಹುದಾದ ಮೂಲ ಕಡತವನ್ನೇ ಕಳಿಸಿದೆ. ಸಂಜೆ ಮತ್ತೆ ಫೋನು. ದನಿ ಬದಲಾಗಿತ್ತು. ಸೋಮವಾರದಿಂದ ಕೆಲಸ ಶುರುಮಾಡಿ ಎಂದರು. ಫೋನು ಇಡುವ ಮುಂಚೆ, ಒಂದು ಅನುಮಾನ ಇದೆ ಎಂದರು.

“ಬಾಗಿಲ ಮೇಲೆ ಚಿಕ್ಕದಾಗಿ ಒಬ್ರು ಹೆಂಗಸು ನಿಂತಿದಾರಲ್ಲ, ಯಾರು ಅವರು?”

“ಪೇಂಟರ್, ಸಾರ್” ಅಂದೆ.