ಲಕ್ಷ್ಮಣಾಚಾರಿಯ ಮೈ ನೆನಪಿಟ್ಟ ಮದ್ದು

ಚಿನಕುರಳಿಯ ಆಚೆಯ ಕ್ವಾರಿಗಳಿಗೆ ದೊಡ್ಡ ದೊಡ್ಡ ಯಂತ್ರಗಳು ಬಂದು ಬಹಳ ಕಾಲವಾಯಿತು. ಆದರೂ ಚಪ್ಪಡಿಯ ಅಂಚು ತೀಡುವುದಕ್ಕೆ, ಹೊಸಿಲ ಕಲ್ಲು ಕೆತ್ತುವುದಕ್ಕೆ ಉಳಿಯೇ ಬೇಕು. ಉಳಿ ಮೊಂಡಾದಾಗ ಲಕ್ಷ್ಮಣಾಚಾರಿಯೇ ಬೇಕು. ಬಸ್ಸು ನಿಲ್ಲುವ ಜಾಗದಿಂದ ತುಸು ಒಳಗೆ, ಹೊಂಗೆ ಮರದ ಕೆಳಗೆ ಅವನ ಕುಲುಮೆ. ಗಾಳಿ ಊದುವ ತಿದಿ ಇದ್ದ ಜಾಗಕ್ಕೆ ಕರೆಂಟಿನ ಫ್ಯಾನು ಬಂದಿದೆ. ಉಳಿದದ್ದೆಲ್ಲ ಅವನಪ್ಪನ ಕಾಲದಲ್ಲಿ ಇದ್ದಂತೆಯೇ ಇದೆ.

ಕಬ್ಬಿಣ ಬಡಿಯುವುದನ್ನು ಯಾರು ಬೇಕಾದರೂ ಕಲಿಯಬಹುದು ಎನ್ನುತ್ತಾನೆ ಅವನು. ಕಾಯುವುದನ್ನು ಕಲಿಯುವುದೇ ಕಷ್ಟ. ಕೆಂಪಗೆ ಕಾದ ಉಳಿಯ ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿ ಎತ್ತಿ, ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಂಡು ನೋಡುತ್ತ ಕೂರಬೇಕು. ಹಿಂದೆ ಉಳಿದ ಬಿಸಿ ಮೆಲ್ಲಗೆ ಮುಂದಕ್ಕೆ ಹರಿದು ಬರುತ್ತದೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಕೊನೆಗೆ ನವಿಲಿನ ಕತ್ತಿನ ನೀಲಿ. ಬೇಕಾದ ಬಣ್ಣ ತುದಿಗೆ ಬಂದ ಗಳಿಗೆಯಲ್ಲಿ ಪೂರ್ತಿ ಅದ್ದಬೇಕು. ಒಂದು ಉಸಿರು ಮುಂಚೆ ಅದ್ದಿದರೆ ಉಳಿ ಗಾಜಿನಂತೆ ಮುರಿಯುತ್ತದೆ, ಒಂದು ಉಸಿರು ತಡವಾದರೆ ಮೂತಿ ಮಡಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅವನನ್ನು ಯಾರೂ ಮಾತಾಡಿಸುವುದಿಲ್ಲ.

ಅಮಾವಾಸ್ಯೆಯ ದಿನ ಆಚಾರಿಗಳು ಕುಲುಮೆಗೆ ಬೆಂಕಿ ಹಾಕುವುದಿಲ್ಲ. ಅದು ಕಾಳಮ್ಮನ ದಿನ. ಲಕ್ಷ್ಮಣಾಚಾರಿ ಆ ಕಟ್ಟಳೆ ಮೀರಿದ್ದು ಒಂದೇ ಸಲ, ಮಗಳು ಕೀರ್ತನ ಎಸ್ಸೆಸ್ಸೆಲ್ಸಿ ಬರೆಯುವ ವರ್ಷ. ಕಲ್ಲು ಕೆಲಸದ ಗೆಳೆಯ ಕರಿಯಯ್ಯ ಅವಸರ ಮಾಡಿದನೆಂದು ಅಮಾವಾಸ್ಯೆಯ ಬೆಳಿಗ್ಗೆ ಬೆಂಕಿ ಹಚ್ಚಿದ. ಇಕ್ಕಳದಿಂದ ಜಾರಿದ ಕಾದ ತುಂಡು ಮೊಣಕಾಲಿನ ಕೆಳಗೆ ಸುಟ್ಟಿತು. ಗಾಯ ಕೀವು ಕಟ್ಟಿತು. ಹೆಂಡತಿ ಸೋಮಮ್ಮನ ತವರು ಹೊಸಹೊಳಲಿಗೆ ಹೋಗಿದ್ದಾಗ ಅಲ್ಲೇ ಯಾರಿಗೋ ತೋರಿಸಿ, ಮದ್ದು ಹಾಕಿಸಿಕೊಂಡು ಹೊರಗೆ ಬಂದ. ರಸ್ತೆ ದಾಟುವ ಮೊದಲೇ ಮೈತುಂಬ ದದ್ದು ಎದ್ದವು. ತುಟಿ ಊದಿತು, ಗಂಟಲು ಬಿಗಿಯಿತು, ಕಣ್ಣು ಕತ್ತಲಿಟ್ಟು ಬಿದ್ದ. ಕೆ.ಆರ್. ಪೇಟೆಗೆ ಹೊತ್ತೊಯ್ದು ಉಳಿಸಿಕೊಂಡರು. ಅಲ್ಲಿಯವರು ಏನೋ ಹೇಳಿದರು, ಅಳುವ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಕಾಳಮ್ಮನೇ ಮೈಮೇಲೆ ಕೈ ಆಡಿಸಿದಳು, ಸಿಟ್ಟು ತೋರಿಸಿ ಬಿಟ್ಟುಬಿಟ್ಟಳು ಎಂದು ಮನೆಯವರೆಲ್ಲ ಒಪ್ಪಿಕೊಂಡರು. ಎಲ್ಲರಿಗಿಂತ ಮೊದಲು ಲಕ್ಷ್ಮಣಾಚಾರಿಯೇ ಒಪ್ಪಿಕೊಂಡ. ಅಂದಿನಿಂದ ಅವನು ಕಾಳಮ್ಮನ ಗುಡಿಯ ಹೊಸಿಲು ದಾಟಿಲ್ಲ. ಸೋಮಮ್ಮ ಒಳಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತಾಳೆ. ಅವನು ಹೊರಗೆ ನಿಂತು, ತಲೆ ತಗ್ಗಿಸಿ ಕೈ ಮುಗಿಯುತ್ತಾನೆ.

ಈ ವರ್ಷ ಸುಗ್ಗಿ ಮುಗಿದ ಮೇಲೆ ಹಳೆಯ ಉಳಿಯೊಂದನ್ನು ಬಡಿಯುವಾಗ ಅದರ ನೆತ್ತಿಯಿಂದ ಒಂದು ಚೂರು ಸಿಡಿದು, ಬಲಗೈಯ ಹೆಬ್ಬೆರಳ ಬುಡಕ್ಕೆ ಹೊಕ್ಕಿತು. ಲಕ್ಷ್ಮಣಾಚಾರಿ ಚಿಮಟದಿಂದ ಎಳೆದ. ಬಂತು ಎಂದುಕೊಂಡ. ಬಾನಿಯ ನೀರನ್ನು, ಎಷ್ಟೋ ಸಲ ಕಾದ ಕಬ್ಬಿಣ ಅದ್ದಿ ಕಪ್ಪಾದ ನೀರನ್ನು, ಗಾಯದ ಮೇಲೆ ಹುಯ್ದುಕೊಂಡ. ಅವರ ಮನೆಯಲ್ಲಿ ಎಲ್ಲ ಗಾಯಕ್ಕೂ ಅದೇ ಮದ್ದು.

ಮೂರನೆಯ ದಿನ ಉಳಿಗಳನ್ನು ತೆಗೆದುಕೊಂಡು ಹೋಗಲು ಬಂದ ಕರಿಯಯ್ಯ ಆ ಕೈ ನೋಡಿ ಬೆಚ್ಚಿದ.

"ಏನ್ಲಾ ಇದು, ಕೈ ಸೋರೆಕಾಯ್ ಆದಂಗ್ ಆಗದೆ!"

"ಕುಲುಮೆ ನೀರ್ ಉಯ್ಕಂಡಿವ್ನಿ ಕಣ್ಲಾ. ವಾಸಿಯಾಯ್ತದೆ ಬುಡು."

"ನಿನ್ ಕುಲುಮೆ ನೀರು ಕಬ್ಬಿಣಕ್ಕೆ ಕಣ್ಲಾ, ಮನ್ಸಂಗಲ್ಲ. ತೋರ್ಸು ಇತ್ಲಾಗೆ." ಕರಿಯಯ್ಯ ಅಂಗಿಯ ತೋಳು ಮೇಲೆ ಸರಿಸಿದ. ಮಣಿಕಟ್ಟಿನಿಂದ ಮೊಣಕೈ ಕಡೆಗೆ ಒಂದು ಕೆಂಪು ಗೆರೆ ಹತ್ತಿ ಹೋಗುತ್ತಿತ್ತು. ಕರಿಯಯ್ಯನ ತಮಾಷೆ ನಿಂತುಹೋಯಿತು. "ಸೋಮಕ್ಕ, ಬಾರವ್ವ ಈಚೆಗೆ. ಇವನು ಆಮೇಲ್ ಬೈಯ್ಲಿ. ಅತ್ಲಾ ಗಾಡಿ."

ಪಾಂಡವಪುರದ ಆಸ್ಪತ್ರೆಯಲ್ಲಿ ಡಾಕ್ಟರ್ ಶಿವಪ್ರಕಾಶ್ ಕೈ ನೋಡಿ ಅವನನ್ನು ಅಲ್ಲೇ ಮಲಗಿಸಿದರು. ಶ್ರೀರಂಗಪಟ್ಟಣದಿಂದ ದಿನಾ ಬಂದು ಹೋಗುವ, ಮೆಲುಮಾತಿನ ಮನುಷ್ಯ. "ಒಳಗೆ ಕೀವು ತುಂಬಿದೆ. ಕುಯ್ದು ತೆಗೀತೀವಿ. ಆದ್ರೆ ನಂಜು ಮೇಲಕ್ಕೆ ಹತ್ತುತಾ ಇದೆ. ಇಂಜೆಕ್ಷನ್ ಈಗಲೇ ಶುರುವಾಗ್ಬೇಕು. ಬಿಟ್ರೆ ಹೆಬ್ಬೆರಳು ಹೋಗತ್ತೆ, ಇನ್ನೂ ಬಿಟ್ರೆ ಕೈ."

ಬಲಗೈ. ಲಕ್ಷ್ಮಣಾಚಾರಿ ಅದನ್ನು ಎದೆಯ ಮೇಲೆ, ನಿದ್ದೆಯಲ್ಲಿರುವ ಕೂಸನ್ನು ಇಟ್ಟುಕೊಂಡಂತೆ ಇಟ್ಟುಕೊಂಡಿದ್ದ. ಹೆಬ್ಬೆರಳಿಲ್ಲದ ಆಚಾರಿ ಸುತ್ತಿಗೆಯನ್ನು ಯಾವುದರಿಂದ ಹಿಡಿದಾನು?

ನರ್ಸ್ ಪವಿತ್ರ ನಾಗಮಂಗಲದ ಕಡೆಯ ಹುಡುಗಿ. ಮಾತೂ ಚುರುಕು, ಕೈಯೂ ಚುರುಕು. "ಯಜಮಾನ್ರೇ, ಯಾವ್ದಾರ ಮಾತ್ರೆ, ಇಂಜೆಕ್ಷನ್ ತಕ್ಕಂಡಾಗ ಮೈಗೆ ಆಗ್ದೆ ತೊಂದ್ರೆ ಆಗಿತ್ತಾ?"

"ಇಲ್ಲ ಕಣವ್ವ. ಕಬ್ಬಿಣ ಬಡ್ಯೋ ಮೈ ಇದು. ಯಾವ್ ಸೂಜಿನೂ ಏನೂ ಮಾಡಾಕಿಲ್ಲ."

ಅವನು ಸುಳ್ಳು ಹೇಳಲಿಲ್ಲ. ಕೇಳಿದ್ದು ಸೂಜಿಯ ಮಾತು. ಹೊಸಹೊಳಲಿನಲ್ಲಿ ಆದದ್ದು ದೇವಿಯ ಮಾತು. ಎರಡಕ್ಕೂ ಸಂಬಂಧವಿದೆಯೆಂದು ಅವನ ಮನಸ್ಸಿಗೆ ಹೊಳೆಯುವುದಾದರೂ ಹೇಗೆ?

ಪವಿತ್ರ ಒಂದು ಪುಟ್ಟ ಸೀಸೆ ಎತ್ತಿಕೊಂಡಳು. ತಳದಲ್ಲಿ ಸುಣ್ಣದಂಥ ಬಿಳಿ ಪುಡಿ. ಹೆಸರನ್ನೂ ತಾರೀಕನ್ನೂ ಓದಿ, ರಬ್ಬರಿನ ಮುಚ್ಚಳವನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಲು ಬಿಟ್ಟಳು. ಹೊಸ ಸಿರಿಂಜಿನ ಕವರು ಹರಿದು ಶುದ್ಧವಾದ ನೀರು ಬಿಟ್ಟು ಸೀಸೆಯನ್ನು ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿದಳು. ಪುಡಿ ಕರಗಿ ತಿಳಿಯಾಯಿತು. ಅದರಲ್ಲಿ ಒಂದಿಷ್ಟು ತೆಗೆದು, ಮತ್ತೆ ನೀರು ಬೆರೆಸಿ ತೆಳುವು ಮಾಡಿ, ಅದರಲ್ಲೂ ಒಂದೇ ಒಂದು ಹನಿಯನ್ನು ಎಡ ಮುಂಗೈಯ ತೊಗಲಿನ ಕೆಳಗೆ ಬಿಟ್ಟಳು. ಸೊಳ್ಳೆ ಕಚ್ಚಿದಷ್ಟು ಗುಳ್ಳೆ ಎದ್ದಿತು. ಅದರ ಸುತ್ತ ಪೆನ್ನಿನಿಂದ ಒಂದು ಬಳೆ ಬರೆದಳು.

"ಕೆರೀಬೇಡಿ, ಉಜ್ಬೇಡಿ. ನಾನಿಲ್ಲೇ ಕೂತಿರ್ತೀನಿ."

ಅವಳ ಪಕ್ಕದ ತಟ್ಟೆಯಲ್ಲಿ ಸಣ್ಣ ಗಾಜಿನ ಕೊಳವೆಯಲ್ಲಿ ಇನ್ನೊಂದು ಔಷಧ, ಅದಕ್ಕೊಂದು ಸಿರಿಂಜು ಸಿದ್ಧವಾಗಿದ್ದವು. "ಅದ್ಯಾಕವ್ವ?" ಎಂದ ಲಕ್ಷ್ಮಣಾಚಾರಿ.

"ಇದಾ? ಮೈಗೆ ಆಗ್ದೆ ಉಸಿರು ಕಟ್ಟಿದ್ರೆ ಕೊಡೋದು. ಬೇಕಾಗ್ದೇ ಇರ್ಲಿ ಅಂತ ಮಡಗಿರೋದು."

ಸೋಮಮ್ಮನಿಗೆ ತಾಳ್ಮೆ ತಪ್ಪಿತು. "ಕೈ ಉರೀತಾ ಅದೆ ಅಂತಾವ್ರೆ, ಚುಚ್ಚೋದು ಬುಟ್ಟು ನೋಡ್ತಾ ಕುಂತಿದೀಯಲ್ಲ ತಾಯಿ! ನಮ್ಮೂರಲ್ಲಾದ್ರೆ ಜಗುಲಿ ಮೇಲೆ ನಿಲ್ಸಿ ಚುಚ್ಚಿ ಕಳ್ಸುಬುಡ್ತಾರೆ."

"ಅದಕ್ಕೇ ಭಯ ಕಣವ್ವ ನಂಗೆ," ಎಂದಳು ಪವಿತ್ರ, ಮುಂಗೈಯಿಂದ ಕಣ್ಣು ಕೀಳದೆ.

"ಸುಮ್ಕಿರಮ್ಮಿ," ಎಂದ ಲಕ್ಷ್ಮಣಾಚಾರಿ. "ಹದ ನೋಡ್ತಾವ್ಳೆ."

ಆ ನೋಟವನ್ನು ಅವನು ಬಲ್ಲ. ಕಾದ ಉಳಿಯ ತುದಿಗೆ ಬಣ್ಣ ಬರುವುದನ್ನು ನೋಡುತ್ತ ಕೂತಾಗ ತನ್ನ ಮುಖವೂ ಹೀಗೇ ಇರುತ್ತದೇನೋ ಎಂದುಕೊಂಡ. ನೋವಿನ ನಡುವೆಯೂ ಅವನಿಗೆ ಒಂದು ಬೆರಗು. ಇಡೀ ವಾರ್ಡಿನ ಗಲಾಟೆ, ಹೊರಗೆ ಬಸ್ಸಿನ ಹಾರನ್ನು, ಹೆಂಡತಿಯ ಗೊಣಗಾಟ, ಇವೆಲ್ಲದರ ನಡುವೆ ಒಂದು ಹನಿಯ ಮುಂದೆ ಒಂದು ಹುಡುಗಿ ಹೀಗೆ ಧ್ಯಾನಕ್ಕೆ ಕೂತಂತೆ ಕೂತಿದ್ದಾಳಲ್ಲ.

ಗುಳ್ಳೆ ಬೆಳೆಯಿತು. ನಡುವೆ ಬಿಳಿಚಿಕೊಂಡಿತು, ಸುತ್ತ ಕೆಂಪಾಯಿತು. ಒದ್ದೆ ಕಾಗದದ ಮೇಲೆ ಶಾಯಿ ಹರಡಿದಂತೆ ಅಂಚಿನಿಂದ ಕೆಂಪು ಹರಿದು, ಪೆನ್ನಿನ ಬಳೆಯನ್ನು ದಾಟಿ ಹೋಯಿತು. ಪವಿತ್ರ ಗಾಬರಿ ಮಾಡಲಿಲ್ಲ. ಒಂದು ಕೈಯಲ್ಲಿ ನಾಡಿ ಹಿಡಿದು, ಇನ್ನೊಂದು ಕೈಯೆತ್ತಿ ಡಾಕ್ಟರನ್ನು ಕರೆದಳು. ಅವನ ಮುಖಕ್ಕೆ ಮುಖ ತಂದು ಉಸಿರಾಟ ಆಲಿಸಿದಳು. ಆಮೇಲೆ ಬೇರೆ ಥರ ಕೇಳಿದಳು.

"ಯಜಮಾನ್ರೇ, ಇಂಜೆಕ್ಷನ್ ಮಾತು ಬುಡಿ. ಮೈಮೇಲೆ ಇಂಥ ದದ್ದು ಯಾವತ್ತಾರ ಎದ್ದಿದ್ವಾ?"

ಲಕ್ಷ್ಮಣಾಚಾರಿ ತನ್ನ ಮುಂಗೈಯನ್ನೇ ನೋಡುತ್ತಿದ್ದ. ಈ ಬಿಳುಪನ್ನು, ಈ ಕೆಂಪು ಅಂಚನ್ನು ಅವನು ಹಿಂದೆ ನೋಡಿದ್ದ. ಹೊಸಹೊಳಲಿನ ರಸ್ತೆಯ ಮಣ್ಣಿನಲ್ಲಿ ಬಿದ್ದುಕೊಂಡು, ತನ್ನದೇ ಎದೆಯ ಮೇಲೆ.

"ಎದ್ದಿದ್ವು," ಎಂದ.

"ರೀ! ಅದ್ಯಾಕ್ ಈಗ?" ಸೋಮಮ್ಮ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ಅದು ಕಾಳಮ್ಮನ ಸಿಟ್ಟು ಕಣವ್ವ. ಅಮಾಸೆ ದಿನ ಬೆಂಕಿ ಆಕಿದ್ರು ಅಂತ. ಆಸ್ಪತ್ರೇಲಿ ಯೋಳೋ ಮಾತಾ ಅದು?"

"ಯೋಳವ್ವ," ಎಂದಳು ಪವಿತ್ರ. "ಅಮ್ಮನ ಸಿಟ್ಟೇ ಯೋಳು. ನಂಗೆ ಅದೇ ಬೇಕು. ಸಿಟ್ಟು ಮಾಡ್ಕಳೋಕ್ ಮುಂಚೆ ಏನ್ ಮಾಡಿದ್ರು ಇವ್ರು?"

ಸೋಮಮ್ಮ ಹೇಳಿದಳು. ಸುಟ್ಟ ಗಾಯ, ಕೀವು, ತವರಿಗೆ ಹೋದದ್ದು. ಅಲ್ಲೊಂದು ಕಡೆ ಸೂಜಿ ಚುಚ್ಚಿಸಿಕೊಂಡದ್ದು. ಸೂಜಿ ಎಂದವಳೇ, ತನ್ನ ಬಾಯಿಂದ ಹೊರಟದ್ದು ತನಗೇ ಕೇಳಿಸಿದಂತೆ ಗಂಡನ ಮುಖ ನೋಡಿದಳು.

ಅಷ್ಟರಲ್ಲಿ ಬಂದು ನಿಂತಿದ್ದ ಡಾಕ್ಟರು ನಿಧಾನವಾಗಿ ಹೇಳಿದರು. "ಆವತ್ತು ಕೊಟ್ಟಿದ್ದು ಪೆನಿಸಿಲಿನ್ನೋ, ಅದರ ಕುಲದ್ದೋ ಆಗಿರ್ಬೇಕು. ಇವತ್ತು ಕೊಡಬೇಕು ಅಂದ್ಕೊಂಡಿದ್ದೂ ಅದೇ ಕುಲದ್ದು. ತುಂಬ ಜನಕ್ಕೆ ಅದು ಜೀವ ಉಳಿಸೋ ಔಷಧ. ನಿಮ್ಮ ಮೈ ಮಾತ್ರ ಅದನ್ನ ಶತ್ರು ಅಂತ ಗುರುತು ಹಿಡಿದುಬಿಟ್ಟಿದೆ. ಪೂರ್ತಿ ಕೊಟ್ಟಿದ್ರೆ, ಕೈ ಉಳ್ಸೋಕೆ ಹೋಗಿ ನಿಮ್ಮನ್ನೇ ಕಳ್ಕೊತಿದ್ವಿ. ಈ ಹನಿ ಪರೀಕ್ಷೆನೂ ಪ್ರತಿ ಸಲ ಹಿಡಿದು ಕೊಡತ್ತೆ ಅಂತ ಇಲ್ಲ, ಯಜಮಾನ್ರೇ. ನೀವು ಬಾಯ್ಬಿಟ್ಟು ಹೇಳೋದೇ ದೊಡ್ಡದು."

ಲಕ್ಷ್ಮಣಾಚಾರಿಗೆ ಕುಲುಮೆ ನೆನಪಾಯಿತು. ಕಬ್ಬಿಣಕ್ಕೆ ನೆನಪಿಲ್ಲ. ಮತ್ತೆ ಬೆಂಕಿಗೆ ಇಟ್ಟರೆ ಹಳೆಯ ಹದವೆಲ್ಲ ಅಳಿಸಿಹೋಗುತ್ತದೆ, ಹೊಸದಾಗಿ ಶುರುಮಾಡಬೇಕು. ಮೈ ಹಾಗಲ್ಲ. ತಾನು ಬೇರೆ ಹೆಸರು ಕೊಟ್ಟು ಮರೆತದ್ದನ್ನು ಅದು ವರ್ಷಗಟ್ಟಲೆ ಯಾರಿಗೂ ಹೇಳದೆ ಇಟ್ಟುಕೊಂಡಿತ್ತು. ಒಂದು ಹನಿ ಬಿದ್ದದ್ದೇ ತಡ, ತೊಗಲಿನ ಮೇಲೆ ಬರೆದು ತೋರಿಸಿತು. ಊಟ ಹಾಕಿ, ಸ್ನಾನ ಮಾಡಿಸಿ, ದುಡಿಸಿಕೊಂಡು ಬಂದ ಈ ಮೈಯೊಳಗೆ ಇಂಥದೊಂದು ಎಚ್ಚರ ಕೂತಿತ್ತೆ? ಅವನಿಗೆ ರೋಮಾಂಚವಾಯಿತು.

ಅವನು ಡಾಕ್ಟರ ಕಡೆ ತಿರುಗಿ ಕೇಳಿದ. "ಅಂಗಾರೆ, ಡಾಕ್ಟ್ರೇ... ಅಮ್ಮ ನನ್ ಮೇಲೆ ಸಿಟ್ಟು ಮಾಡ್ಕಂಡಿರ್ಲಿಲ್ವಾ?"

ಡಾಕ್ಟರು ಮುಂಗೈಯ ಗುಳ್ಳೆಯನ್ನು ಬೆರಳಿನಿಂದ ತೋರಿಸಿದರು. "ಅದು ನಂಗೆ ಗೊತ್ತಿಲ್ಲ, ಯಜಮಾನ್ರೇ. ದದ್ದು ಮಾತ್ರ ಔಷಧದ್ದು."

ಲಕ್ಷ್ಮಣಾಚಾರಿಯ ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಿಕೊಳ್ಳಲು ಎರಡು ಕೈಗೂ ಬಿಡುವಿರಲಿಲ್ಲ. ಸೋಮಮ್ಮ ಸೆರಗಿನಿಂದ ಒರೆಸಿ, ಅದೇ ಸೆರಗಿನಲ್ಲಿ ತನ್ನ ಮುಖ ಮುಚ್ಚಿಕೊಂಡಳು. ಎಷ್ಟು ವರ್ಷ ಗುಡಿಯ ಹೊರಗೆ ನಿಂತುಬಿಟ್ಟ ಈ ಮನುಷ್ಯ!

ಬೇರೆ ಕುಲದ ಔಷಧ ಬಂತು. ಅದನ್ನೂ ಒಮ್ಮೆಲೇ ನುಗ್ಗಿಸಲಿಲ್ಲ. ಗ್ಲೂಕೋಸಿನಂಥ ಬಾಟಲಿಯಲ್ಲಿ ಬೆರೆಸಿ, ಹನಿಹನಿಯಾಗಿ ಬಿಟ್ಟರು. ಮೊದಲ ಹನಿಗಳು ಇಳಿಯುವಾಗ ಪವಿತ್ರ ಮಂಚದ ಪಕ್ಕದಿಂದ ಏಳಲಿಲ್ಲ. "ತುರಿಕೆ? ಎದೆ ಬಿಗೀತಾ?" ಎಂದು ಕೇಳುತ್ತಲೇ ಇದ್ದಳು. ಏನೂ ಆಗಲಿಲ್ಲ. ಕೈ ಕುಯ್ದು ಕೀವು ತೆಗೆದಾಗ, ಅವನು ಎಳೆದು ಹಾಕಿದೆನೆಂದುಕೊಂಡಿದ್ದ ಉಕ್ಕಿನ ಚೂರಿನ ಅರ್ಧ, ರಾಗಿಕಾಳಿನಷ್ಟು, ಒಳಗಿನಿಂದ ಬಂತು. ಕೀವನ್ನು ಪರೀಕ್ಷೆಗೆ ಕಳಿಸಿದರು. ಒಳಗಿರುವ ಕ್ರಿಮಿ ಈ ಔಷಧಕ್ಕೇ ಸಾಯುತ್ತದೆಂದು ಉತ್ತರ ಬಂತು. ಕೆಂಪು ಗೆರೆ ಬಂದ ದಾರಿಯಲ್ಲೇ ಹಿಂದಕ್ಕೆ ಇಳಿಯಿತು.

ಊತ ಇಳಿದ ಕೂಡಲೇ ಲಕ್ಷ್ಮಣಾಚಾರಿಗೆ ಮನೆಯ ಚಿಂತೆ. ನೋಡಲು ಬಂದ ಕರಿಯಯ್ಯ ಅದಕ್ಕೆ ಇನ್ನಷ್ಟು ಗಾಳಿ ಹಾಕಿದ. "ಉಳಿ ಎಲ್ಲ ನಿನ್ ಮೂತಿ ತರ ಮೊಂಡಾಗ್ ಕುಂತವೆ ಕಣ್ಲಾ. ಏಳ್ಲಾ ಮ್ಯಾಕೆ."

"ಕಳ್ಸವ್ವ," ಎಂದು ಲಕ್ಷ್ಮಣಾಚಾರಿ ಪವಿತ್ರಳನ್ನು ಕೇಳಿದ. "ವಾಸಿಯಾಯ್ತಲ್ಲ."

"ಕೆಂಪು ಇಳಿದ ತಕ್ಷಣ ಒಳಗಿನ ಬಿಸಿನೂ ಇಳಿದುಬುಡ್ತದಾ ನಿಮ್ ಕಬ್ಬಿಣದಲ್ಲಿ? ಕೈಲಿ ಮುಟ್ತೀರಾ?"

 ಕರಿಯಯ್ಯ ನಕ್ಕು ಮಂಚದ ಕಂಬಿ ತಟ್ಟಿದ. "ಸಿಕ್ಕಾಕಂಡೆ ಕಣ್ಲಾ ಆಚಾರಿ. ಸುಮ್ಕೆ ಬಿದ್ಕೊ." ಡಾಕ್ಟರು ಹೇಳಿದ ಕೊನೆಯ ಬಾಟಲಿ ಮುಗಿಯುವ ತನಕ ಲಕ್ಷ್ಮಣಾಚಾರಿ ಸುಮ್ಮನೆ ಬಿದ್ದುಕೊಂಡ.

ಬಿಡುಗಡೆಯ ದಿನ ಪವಿತ್ರ ಒಂದು ಮಾತನ್ನು ಗಂಡಹೆಂಡಿರಿಬ್ಬರ ಬಾಯಲ್ಲೂ ಹೇಳಿಸಿದಳು. ಯಾವ ಊರಲ್ಲೇ ಆಗಲಿ, ಯಾರೇ ಸೂಜಿ ಎತ್ತಲಿ, ಮೊದಲು ಆ ಮಾತು.

ಚಿನಕುರಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಲಕ್ಷ್ಮಣಾಚಾರಿ ಹೇಳಿದ. "ನಾನು ಗ್ಯಾನ ತಪ್ಪಿ ಬಿದ್ದಿದ್ರೆ ಯೋಳೋಳು ನೀನೇ ಕಣಮ್ಮಿ. ಇನ್ನೊಂದ್ ದಪ ಯೋಳು."

"ಯೋಳಿದ್ನಲ್ಲ ಆಗ್ಲೇ."

"ಮೆತ್ತಗ್ ಯೋಳ್ದೆ. ಗದ್ದಲದಲ್ಲಿ ಯಾರ್ಗೂ ಕೇಳಾಕಿಲ್ಲ. ಗಟ್ಟಿಯಾಗಿ."

ಸೋಮಮ್ಮ ಸೆಟೆದು ಕೂತು, ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು. "ಇವ್ರಿಗೆ ಪೆನಿಸಿಲಿನ್ ಆಗಾಕಿಲ್ಲ!"

ಮುಂದೆ ನಿಂತಿದ್ದ ಕಂಡಕ್ಟರ್ ತಿರುಗಿ ನೋಡಿದ. "ಆಗ್ದಿದ್ರೆ ಬುಡವ್ವ, ನಾನ್ ಕೊಡಾಕಿಲ್ಲ. ಟಿಕೀಟ್ ಆಯ್ತದಾ ಅವ್ರಿಗೆ?"

ಬಸ್ಸು ನಕ್ಕಿತು. ಸೋಮಮ್ಮ ನಾಚಿ ಸೆರಗು ಸರಿಮಾಡಿಕೊಂಡಳು. ಆದರೂ ಕಂಡಕ್ಟರ್ ಹತ್ತಿರ ಬಂದಾಗ ಆ ಮಾತನ್ನು ಅವನಿಗೆ ಇನ್ನೊಮ್ಮೆ ಬಿಡಿಸಿ ಹೇಳಿದಳು, ಅವನೂ ಈಗ ತಲೆದೂಗಿದ. ಚೀಟಿ ಹರಿದು ಮುಂದೆ ಚಾಚಿದ. ಲಕ್ಷ್ಮಣಾಚಾರಿ ಎಡಗೈ ಎತ್ತಿದವನು ತಡೆದುಕೊಂಡ. ಬಟ್ಟೆ ಸುತ್ತಿದ ಬಲಗೈಯನ್ನು ಮೇಲೆ ತಂದ. ಬಿಗಿದುಕೊಂಡಿದ್ದ ಹೆಬ್ಬೆರಳು ಮೆಲ್ಲಗೆ ಬಾಗಿತು, ತೋರುಬೆರಳನ್ನು ಹುಡುಕಿಕೊಂಡು ಹೋಗಿ ಮುಟ್ಟಿತು. ಗಾಳಿಗೆ ಪಟಪಟಿಸುತ್ತಿದ್ದ ತೆಳ್ಳನೆ ಚೀಟಿಯನ್ನು ಆ ಎರಡು ಬೆರಳು ಹಿಡಿದುಕೊಂಡವು.

ಬಸ್ಸು ಊರು ಮುಟ್ಟುವ ತನಕ ಅವನು ಅದನ್ನು ಜೇಬಿಗೆ ಹಾಕಲಿಲ್ಲ.