ಒಂಬತ್ತರ ಕಾರ್ಡು

ಕಾರ್ಡಿನ ಡಬ್ಬಿಯ ಮುಚ್ಚಳ ತೆಗೆದರೆ ಕೊಬ್ಬರಿಯ ವಾಸನೆ. ಮಾದಿಹಳ್ಳಿಯ ಹುಡುಗ ಬಾಗಿಲಲ್ಲೇ ನಿಂತು ಕೊಟ್ಟುಹೋದ. "ಚಿಕ್ಕಮ್ಮ ಹೋಗೋಕ್ ಮುಂಚೆ ಹೇಳಿದ್ರು, ಇದು ಮೇಷ್ಟ್ರದ್ದು, ಅವ್ರಿಗೇ ಮುಟ್ಸು ಅಂತ." ಅವನ ಚಿಕ್ಕಮ್ಮ ಎಂದರೆ ಅರಸೀಕೆರೆಯಲ್ಲಿ ನಾನಿದ್ದ ಬಾಡಿಗೆ ಮನೆಯ ಒಡತಿ. ಅವರು ತೀರಿಹೋದ ಸುದ್ದಿ ನನಗೆ ತಲುಪಿದ್ದೇ ಹಾಗೆ.

ಕೆಳಗಿನ ಮನೆಯಲ್ಲಿ ಅವರು ಮತ್ತು ಕೊಬ್ಬರಿ ವ್ಯಾಪಾರದ ಅವರ ಯಜಮಾನರು, ಮಹಡಿಯಲ್ಲಿ ನಾನು. ಗಂಡ ಹೆಂಡತಿಗೆ ಮಾತಿರಲಿಲ್ಲ.

"ಮೇಷ್ಟ್ರೇ, ಅವ್ರಿಗೆ ಹೇಳಿ, ಕಾಫಿ ತಣ್ಣಗಾಗ್ತೈತೆ," ಎನ್ನುವರು ಒಡತಿ.

"ಕೇಳುಸ್ತು ಅಂತ ಹೇಳಿ ಮೇಷ್ಟ್ರೇ," ಎನ್ನುವರು ಯಜಮಾನರು, ಎರಡು ಮಾರು ದೂರದಿಂದ.

ಕಾರಣ ನನಗೆ ತಿಳಿದದ್ದು ತಡವಾಗಿ. ಆ ಮನೆಯ ಗೃಹಪ್ರವೇಶದ ಬೆಳಿಗ್ಗೆ ಮಾದಿಹಳ್ಳಿಯಲ್ಲಿ ಒಡತಿಯ ಅಕ್ಕ ತೀರಿಕೊಂಡಿದ್ದರು. ಫೋನು ಬಂದದ್ದು ಯಜಮಾನರಿಗೆ. ಶುಭಕಾರ್ಯ ಮುಗಿಯಲಿ ಎಂದು ಫೋನನ್ನು ಜೇಬಿಗಿಟ್ಟುಕೊಂಡರು. ನಮ್ಮ ಕಡೆ ಯಾರಾದರೂ ಅದನ್ನೇ ಮಾಡುತ್ತಿದ್ದರು. ಕೊನೆಯ ಪಂಕ್ತಿ ಎದ್ದ ಮೇಲೆ ಹೇಳಿದರು. ಮಾದಿಹಳ್ಳಿಯವರು ಕಾದು ಕಾದು ಮಣ್ಣು ಮಾಡಿದ್ದರು. "ನಾನಿಲ್ಲಿ ನಕ್ಕೊಂಡು ಹೋಳಿಗೆ ಬಡಿಸ್ತಿದ್ದೆ ಮೇಷ್ಟ್ರೇ, ಅಲ್ಲಿ ಅಕ್ಕನ್ನ…" ಎಂದಿದ್ದರು ಒಡತಿ.

ಡಬ್ಬಿಯಲ್ಲಿರುವ ಈ ಆಟವನ್ನು ನಾನು ಆಗ ಶಾಲೆಯ ಮಕ್ಕಳಿಗೆಂದು ತಂದಿದ್ದೆ. ಒಂದರಿಂದ ನೂರರವರೆಗೆ ಕಾರ್ಡುಗಳು. ಹಂಚಿಕೊಂಡ ಕಾರ್ಡುಗಳನ್ನು ಎಲ್ಲರೂ ಸೇರಿ ಏರಿಕೆಯಲ್ಲಿ ಮೇಜಿನ ಮೇಲೆ ಇಡಬೇಕು. ಮಾತಿಲ್ಲ, ಸನ್ನೆಯಿಲ್ಲ. ಚಿಕ್ಕ ಸಂಖ್ಯೆಯವರು ಬೇಗ ಹಾಕಬೇಕು, ದೊಡ್ಡದಿದ್ದವರು ಕಾಯಬೇಕು. ಎಷ್ಟು ಕಾಯಬೇಕೆಂಬುದನ್ನು ಇನ್ನೊಬ್ಬರ ಸುಮ್ಮನಿರುವಿಕೆಯಿಂದಲೇ ತಿಳಿಯಬೇಕು. ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ.

ಸಂಜೆ ಹೊತ್ತು ಕೆಳಗಿನ ಮನೆಯಲ್ಲಿ ನಾವು ಮೂವರೂ ಆಡತೊಡಗಿದೆವು. ತಪ್ಪುತ್ತಿದ್ದವನು ನಾನೊಬ್ಬನೇ. ಅವರು ಇಪ್ಪತ್ತೆರಡು ಹಾಕಿದರೆ ಇವರು ಇಪ್ಪತ್ತಮೂರು. "ಮೇಷ್ಟ್ರಿಗೆ ಲೆಕ್ಕ ಬರಲ್ಲ," ಎಂದು ಒಡತಿ ನಗುವರು. ಯಜಮಾನರ ಮೀಸೆಯೂ ಅಲ್ಲಾಡುವುದು. ಆ ಮೇಜಿನ ಮುಂದೆ ನನ್ನ ದೂತನ ಕೆಲಸ ಹೋಗಿತ್ತು. ಇನ್ನೇನು ಒಂದು ಮಾತು ಬಂದೇಬಿಡುತ್ತದೆ ಎಂದು ನಾನು ದಿನಾ ಸಂಜೆ ಕಾಯುತ್ತಿದ್ದೆ…

ಆ ಸಂಜೆಯನ್ನು ನನ್ನ ನೆನಪು ಪ್ರತಿಸಲವೂ ಇಸ್ತ್ರಿ ಮಾಡಿ ಕೊಡುತ್ತದೆ. ಕಿಟಕಿಯಲ್ಲಿ ಬಿಸಿಲಿತ್ತು ಎಂದು ಬರೆದು ಹೊಡೆದುಹಾಕಿದೆ. ಇತ್ತೋ ಇಲ್ಲವೋ ಗೊತ್ತಿಲ್ಲ. ನಾನು ನಾಲ್ಕು ಹಾಕಿದ್ದೆ, ಅದು ಖಂಡಿತ. ಮುಂದಿನದು ಯಾರೂ ಹಾಕಲಿಲ್ಲ. ಯಜಮಾನರು ಕುರ್ಚಿಗೆ ಒರಗಿ ಕೈಯಲ್ಲಿನ ಕಾರ್ಡನ್ನೇ ನೋಡುತ್ತಿದ್ದರು. ಒಡತಿ ಅವರನ್ನು ನೋಡುತ್ತಿದ್ದರು. ದೊಡ್ಡ ಸಂಖ್ಯೆ ಇರಬೇಕೆಂದು ನಾನೂ ಕಾದೆ. ಒಡತಿಯ ಕೈ ಕಾರ್ಡಿನ ಕಡೆ ಹೋಗುವುದು, ಹಿಂದೆ ಬರುವುದು. ಆ ಆಟದಲ್ಲಿ ಸುಮ್ಮನಿರುವವನನ್ನು ಯಾಕೆ ಸುಮ್ಮನಿದ್ದೀಯ ಎಂದು ಕೇಳುವಂತಿಲ್ಲ.

"ರೀ," ಎಂದರು ಒಡತಿ. "ಹಾಕ್ರೀ…"

ಅವರ ಬಾಯಿಂದ ನಾನು ಆ 'ರೀ' ಕೇಳಿದ್ದು ಅದೇ ಮೊದಲು. ಯಜಮಾನರ ತಲೆ ಪಕ್ಕಕ್ಕೆ ವಾಲಿತು. ಕಾರ್ಡು ಬೋರಲಾಗಿ ನೆಲಕ್ಕೆ ಬಿತ್ತು. ಹಾಸನದ ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋದರು. ಆ ಕರೆ ಅವರಿಗೆ ಕೇಳಿಸಿತೋ ಇಲ್ಲವೋ, ಡಾಕ್ಟರೂ ಹೇಳಲಾರರು.

ಮಣ್ಣು ಮುಗಿಸಿ ಬಂದಾಗ ಮೇಜು ಹಾಗೇ ಇತ್ತು. ಒಡತಿ ಬಗ್ಗಿ, ಕುರ್ಚಿಯಡಿಯ ಕಾರ್ಡನ್ನು ತೆಗೆದು ತಿರುಗಿಸಿದರು. ಒಂಬತ್ತು. ಅದನ್ನು ನಾಲ್ಕರ ಮೇಲಿಟ್ಟರು. ಅದರ ಮೇಲೆ ತಮ್ಮ ಹನ್ನೊಂದು ಇಟ್ಟರು.

"ಕಾದಿದ್ದು ಸರಿನೇ," ಎಂದರು. "ಅವ್ರೇ ಮೊದ್ಲು ಹಾಕ್ಬೇಕಿತ್ತು." ಆಮೇಲೆ ಖಾಲಿ ಕುರ್ಚಿಯನ್ನು ಮೇಜಿನಡಿಗೆ ತಳ್ಳಿ, "ಕೇಳ್ಬೋದಿತ್ತು ಕಣ್ರೀ ಮೇಷ್ಟ್ರೇ, ಆಟ ಹಾಳಾಗಿದ್ರೆ ಆಗ್ಲಿ ಅಂತ."

ಹುಡುಗ ಕೊಟ್ಟುಹೋದ ದಿನವೇ ಎಣಿಸಿ ನೋಡಿದೆ. ಡಬ್ಬಿಯಲ್ಲಿ ಒಂಬತ್ತಿಲ್ಲ. ಒಡತಿ ಎಲ್ಲಿಟ್ಟಿದ್ದರೋ, ಅವರ ಜೊತೆಗೇ ಹೋಯಿತೋ… ಒಂದು ಕಾರ್ಡು ಇಲ್ಲದಿದ್ದರೆ ಆಟವೇನೂ ನಿಲ್ಲುವುದಿಲ್ಲ. ಮನೆಯಲ್ಲಿ ಮಕ್ಕಳು ಎಂಟಾದ ಮೇಲೆ ಹತ್ತು ಹಾಕುತ್ತಾರೆ, ಹತ್ತು ನನ್ನ ಕೈಗೆ ಬಂದರೆ ಮಾತ್ರ ತಡವಾಗುತ್ತದೆ.